ಸೊಕ್ಕೆಯ ಸೀಮೆಯ ನೀರಿನ ಜಮಾಖರ್ಚು

ಕೆರೆ ಏಕೆ ತುಂಬಲಿಲ್ಲವೆಂದು ಬಯಲುಸೀಮೆಯ ಯಾವ ಊರಿನಲ್ಲಿ ಕೇಳಿದರೂ ದೊರೆಯುವ ಉತ್ತರ ಒಂದೇ: “ಈಗ ಮೊದಲಿನ ಹಾಗೆ ಮಳೆಯೆಲ್ಲಿ, ಸ್ವಾಮಿ?” ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಸೊಕ್ಕೆಯ ಸೀಮೆಯಲ್ಲಿಯೂ ಬೇರೆ ಉತ್ತರವನ್ನು ನಿರೀಕ್ಷಿಸಬೇಕಾಗಿಲ್ಲ. ಹೇಳುವವನು ಆಕಾಶದ ಕಡೆಗೆ ಕೈ ತೋರುತ್ತಾನೆ. ಕೇಳುವವನೂ ತಲೆಯೆತ್ತಿ ಮೇಲೆ ನೋಡುತ್ತಾನೆ. ಇಬ್ಬರೂ ನಿಂತಿರುವ ನೆಲದ ಕೆಳಗೆ ಏನು ನಡೆದಿದೆಯೆಂಬ ಯೋಚನೆ ಆ ಗಳಿಗೆಯಲ್ಲಿ ಯಾರಿಗೂ ಬರುವುದಿಲ್ಲ. ಮಳೆ ಕಡಮೆಯಾಯಿತೆಂಬ ಮಾತು ನಿಜವೇ? ನಿಜವಾದರೆ ಎಷ್ಟರ ಮಟ್ಟಿಗೆ ನಿಜ? ಮಿಕ್ಕ ಪಾಲಿನ ಹೊಣೆ ಯಾರದು? ಇವನ್ನು ತೂಗಿ ನೋಡುವ ವಿದ್ಯೆಯೊಂದು ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಬೆಳೆದು ಬಂದಿದೆ. ಮುಗಿಲಿನಿಂದ ನೆಲಕ್ಕೆ, ನೆಲದಿಂದ ಹಳ್ಳಕ್ಕೆ, ಬೇರಿನಿಂದ ಎಲೆಗೆ, ಎಲೆಯಿಂದ ಮತ್ತೆ ಮುಗಿಲಿಗೆ ನೀರು ಮಾಡುವ ಪ್ರಯಾಣವನ್ನು ಅಂಕಿಗಳಲ್ಲಿ ಅನುಕರಿಸಿ, ಗಣಕಯಂತ್ರದೊಳಗೆ ಅದರ ಪ್ರತಿರೂಪವನ್ನು ಕಟ್ಟುವ ವಿದ್ಯೆ ಅದು. ಅದನ್ನು ಬಲ್ಲವರು ಈ ಪ್ರತಿರೂಪವನ್ನು ‘ಮಾದರಿ’ಯೆಂದು ಕರೆಯುತ್ತಾರೆ.

ಸೊಕ್ಕೆಯ ಸೀಮೆಯನ್ನು ಕಾಣದ ನಗರವಾಸಿಗಳಿಗೆ ಅದರ ಪರಿಚಯ ನಾಲ್ಕು ಮಾತಿನಲ್ಲಿ ಆಗಬೇಕು. ಜಗಳೂರು ತಾಲ್ಲೂಕಿನ ಮೂರು ಹೋಬಳಿಗಳಲ್ಲಿ ಸೊಕ್ಕೆಯದು ಒಂದು. ಉಳಿದೆರಡು ಜಗಳೂರಿನದು ಮತ್ತು ಬಿಳಿಚೋಡಿನದು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟುವವರೆಗೆ ಈ ತಾಲ್ಲೂಕು ಚಿತ್ರದುರ್ಗಕ್ಕೆ ಸೇರಿತ್ತು. ನೆಲದ ಗುಣದಲ್ಲಿ ಇಂದಿಗೂ ಅದು ಚಿತ್ರದುರ್ಗದ ಮಗಳೇ. ಪಡುವಣ ಘಟ್ಟಗಳ ಮೇಲೆ ತಮ್ಮ ಹೊರೆಯನ್ನು ಇಳಿಸಿ ಹಗುರಾದ ಮೋಡಗಳು ಮೂಡಣಕ್ಕೆ ಸಾಗಿ ಬರುವ ಹೊತ್ತಿಗೆ ಅವುಗಳ ಬಳಿ ಕೊಡುವುದಕ್ಕೆ ಉಳಿದಿರುವುದು ಸ್ವಲ್ಪವೇ. ಒಂದೇ ಜಿಲ್ಲೆಯೊಳಗೆ ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ ಹರಿಯುತ್ತಾಳೆ; ಚನ್ನಗಿರಿಯವರಿಗೆ ಭದ್ರೆಯ ನಾಲೆಯೂ ಉಂಟು, ಶತಮಾನಗಳ ಹಿಂದೆ ಕಟ್ಟಿದ ಸೂಳೆಕೆರೆಯೂ ಉಂಟು. ಜಗಳೂರಿನ ಪಾಲಿಗೆ ಬಂದಿರುವುದು ಹಳ್ಳಗಳು. ಮಳೆಯಾದ ದಿನ ಕೆಂಪಗೆ ಉಕ್ಕಿ ಹರಿದು, ಕೆಲವೇ ದಿನಗಳಲ್ಲಿ ಬರಿಯ ಮರಳಾಗಿ ಮಲಗುವ ಹಳ್ಳಗಳು. ಅವುಗಳ ನೀರು ಚಿನ್ನಹಗರಿಯ ದಾರಿ ಹಿಡಿದು ವೇದಾವತಿಯನ್ನು ಕೂಡುತ್ತದೆ. ವೇದಾವತಿ ಬಹು ದೂರ ಹೋಗಿ ತುಂಗಭದ್ರೆಯನ್ನು ಕೂಡುತ್ತಾಳೆ. ನಾಲ್ಕು ಕೊಂಬಿನ ಕೊಂಡುಕುರಿಗೆ ಮೀಸಲಾದ ವನ್ಯಧಾಮ ಈ ತಾಲ್ಲೂಕಿನ ರಂಗಯ್ಯನದುರ್ಗದಲ್ಲಿದೆಯೆಂದರೆ ಇಲ್ಲಿನ ಕುರುಚಲು ಕಾಡಿನ ಚಿತ್ರ ಕಣ್ಣಿಗೆ ಕಟ್ಟಬಹುದು.

ಇಂಥ ನೆಲದಲ್ಲಿ ನೀರಿನ ಲೆಕ್ಕ ಬರೆಯುವುದು ಹೇಗೆ? ಮನೆಯ ಯಜಮಾನಿ ತಿಂಗಳ ಖರ್ಚಿನ ಪುಸ್ತಕ ಬರೆಯುವ ಹಾಗೆಯೇ. ಜಮಾ ಪುಟದಲ್ಲಿ ಮಳೆ. ಖರ್ಚಿನ ಪುಟದಲ್ಲಿ ಆವಿಯಾಗಿ ಹೋದ ನೀರು, ಹಳ್ಳದಲ್ಲಿ ಹರಿದುಹೋದ ನೀರು. ಕೆರೆಯಲ್ಲಿ ನಿಂತದ್ದು, ನೆಲದಲ್ಲಿ ಇಂಗಿದ್ದು ಉಳಿತಾಯ. ಇಷ್ಟು ಸರಳವಾದ ಲೆಕ್ಕವನ್ನು ಮೊದಲು ಹಾಕಿ ನೋಡಿದವರಲ್ಲಿ ಒಬ್ಬನು ಫ್ರಾನ್ಸಿನ ಪಿಯರ್ ಪೆರೋ. ನದಿಗಳಿಗೆ ನೀರು ಭೂಮಿಯ ಹೊಟ್ಟೆಯೊಳಗಿನ ಯಾವುದೋ ಗುಪ್ತ ಸಮುದ್ರದಿಂದ ಬರುತ್ತದೆಯೆಂದು ವಿದ್ವಾಂಸರೇ ನಂಬಿದ್ದ ಕಾಲದಲ್ಲಿ, 1674ರಲ್ಲಿ, ಸೇನ್ ನದಿಯ ಮೇಲಣ ಪ್ರದೇಶದಲ್ಲಿ ಬೀಳುವ ಮಳೆಯೊಂದೇ ಆ ನದಿಯ ಹರಿವಿನ ಸುಮಾರು ಆರರಷ್ಟಿದೆಯೆಂದು ಅವನು ಲೆಕ್ಕಮಾಡಿ ತೋರಿಸಿದ. ಮಳೆಯ ನೀರಿನಲ್ಲಿ ನದಿಗೆ ಬರುವುದು ಒಂದು ಸಣ್ಣ ಪಾಲೆಂಬುದು ಅಂದಿನಿಂದ ಅಂಕಿಯ ಬಲದ ಮೇಲೆ ನಿಂತ ಮಾತಾಯಿತು.

ಸೊಕ್ಕೆಯ ಒಂದು ಎಕರೆ ಹೊಲಕ್ಕೆ ಇದೇ ಲೆಕ್ಕವನ್ನು ಅನ್ವಯಿಸಬಹುದು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ನಾಲ್ಕು ಸಾವಿರ ಲೀಟರಿಗಿಂತ ತುಸು ಹೆಚ್ಚು ನೀರು. ಈ ಸೀಮೆಗೆ ವರ್ಷಕ್ಕೆ 550 ಮಿಲಿಮೀಟರ್, ಎಂದರೆ ಹಳೆಯ ಅಳತೆಯಲ್ಲಿ ಇಪ್ಪತ್ತೆರಡು ಅಂಗುಲಕ್ಕೆ ತುಸು ಕಡಮೆ ಮಳೆಯೆಂದು ಹಿಡಿದರೆ, ಎಕರೆಯೊಂದಕ್ಕೆ ಸುಮಾರು 22 ಲಕ್ಷ ಲೀಟರ್ ಜಮಾ ಆಯಿತು. ಕೇಳುವುದಕ್ಕೆ ಕುಬೇರನ ಸಂಪತ್ತು. ಆದರೆ ಒಣಸೀಮೆಯಲ್ಲಿ ಈ ಸಂಪತ್ತಿನ ಬಹುಪಾಲನ್ನು ಬಿಸಿಲೂ ಬೆಳೆಯೂ ಕೂಡಿ ಆಕಾಶಕ್ಕೆ ಹಿಂದಿರುಗಿಸಿಬಿಡುತ್ತವೆ. ಮಣ್ಣಿನಿಂದ ನೇರವಾಗಿ ಆರಿಹೋಗುವುದು ಒಂದು ದಾರಿ. ಬೇರು ಹೀರಿದ್ದನ್ನು ಎಲೆ ಉಸಿರಾಗಿ ಬಿಡುವುದು ಇನ್ನೊಂದು ದಾರಿ. ಗಟ್ಟಿಬಂಡೆಯ ನಾಡಿನಲ್ಲಿ ಆಳಕ್ಕಿಳಿದು ಅಂತರ್ಜಲವನ್ನು ಸೇರುವುದು ಮಳೆಯ ನೂರರಲ್ಲಿ ಐದರಿಂದ ಹತ್ತು ಪಾಲು. ಆರು ಪಾಲೆಂದು ಹಿಡಿದರೆ ಎಕರೆಗೆ 1,32,000 ಲೀಟರ್. 22 ಲಕ್ಷದ ಜಮಾದಲ್ಲಿ ನೆಲದಡಿಯ ಉಳಿತಾಯ ಇಷ್ಟೇ. ಈ ಅಂಕಿಯನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಂಡಿರಬೇಕು.

ಇನ್ನು ಮಾದರಿಯ ಕಥೆ. ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಸ್ಯುಕುರೊ ಮನಾಬೆಯವರು 1969ರಲ್ಲಿ ಇಡೀ ಭೂಮಂಡಲದ ವಾಯುಗುಣವನ್ನು ಗಣಕಯಂತ್ರದಲ್ಲಿ ಲೆಕ್ಕಹಾಕುತ್ತಿದ್ದಾಗ, ನೆಲದ ಮೇಲೆ ಬಿದ್ದ ಮಳೆಯನ್ನು ಏನು ಮಾಡಬೇಕೆಂಬ ಪ್ರಶ್ನೆ ಎದುರಾಯಿತು. ಪ್ರಪಂಚದ ಮಣ್ಣಿನ ವೈವಿಧ್ಯವನ್ನೆಲ್ಲ ಅಂದಿನ ಯಂತ್ರದೊಳಗೆ ತುರುಕುವುದು ಆಗದ ಮಾತು. ಅವರು ಬಚ್ಚಲುಮನೆಯ ಬಕೆಟ್ಟನ್ನು ಕಲ್ಪಿಸಿಕೊಂಡರು. ಭೂಮಿಯ ಪ್ರತಿಯೊಂದು ತುಂಡೂ ಹದಿನೈದು ಸೆಂಟಿಮೀಟರ್ ಆಳದ ಒಂದು ಬಕೆಟ್. ಮಳೆ ಬಂದರೆ ತುಂಬುತ್ತದೆ, ಬಿಸಿಲಿಗೆ ಆರುತ್ತದೆ, ತುಂಬಿದ ಮೇಲೆ ಬಂದದ್ದು ಹೊರಚೆಲ್ಲಿ ಹಳ್ಳವಾಗುತ್ತದೆ. ತಳ ಕಂಡ ಬಕೆಟ್ಟು ಬಿಸಿಲಿಗೆ ಕೊಡುವುದೂ ಕಡಮೆ. ಹುಡುಗಾಟವೆಂದು ತೋರಬಹುದಾದ ಈ ಕಲ್ಪನೆ ಮಳೆಕಾಡೆಲ್ಲಿ, ಮರುಭೂಮಿಯೆಲ್ಲಿ ಎಂಬುದನ್ನು ಒರಟಾಗಿಯಾದರೂ ಬಿಡಿಸಿ ತೋರಿಸಿತು. ಭೂಮಿ ಬಿಸಿಯಾಗುವುದನ್ನು ಮಾದರಿಯಲ್ಲಿ ಲೆಕ್ಕಹಾಕಿದ ಕಾರ್ಯಕ್ಕಾಗಿ 2021ರಲ್ಲಿ ಮನಾಬೆಯವರಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಆ ಬಕೆಟ್ಟಿಗೆ ಇಂದು ಪದರಗಳು ಬಂದಿವೆ, ಬೇರುಗಳು ಬಂದಿವೆ, ಎಲೆಗಳೂ ಬಂದಿವೆ. ಆದರೂ ಇಡೀ ಜಗತ್ತಿನ ಲೆಕ್ಕ ಹಾಕುವ ಮಾದರಿಗಳಲ್ಲಿ ಅನೇಕವು ಭೂಮಿಯನ್ನು ಸುಮಾರು ನೂರು ಕಿಲೋಮೀಟರ್ ಚೌಕಗಳಾಗಿ ಕತ್ತರಿಸುತ್ತವೆ. ಅಂಥ ಒಂದು ಚೌಕದೊಳಗೆ ದಾವಣಗೆರೆ ಜಿಲ್ಲೆಯೆಲ್ಲ ಮುಳುಗಿಹೋಗಿ ಇನ್ನೂ ಜಾಗ ಉಳಿಯುತ್ತದೆ. ಹೊನ್ನಾಳಿಯ ಭತ್ತದ ಗದ್ದೆಯೂ ಸೊಕ್ಕೆಯ ಮೆಕ್ಕೆಜೋಳದ ಹೊಲವೂ ಅದರ ಕಣ್ಣಿಗೆ ಒಂದೇ. ಆದಕಾರಣ ಊರಿನ ಪ್ರಶ್ನೆಗೆ ಊರಿನ ಅಳತೆಯ ಮಾದರಿಯೇ ಆಗಬೇಕು. ಅದನ್ನು ಕಟ್ಟಹೊರಟವರಿಗೆ ಬಕೆಟ್ಟಿನಲ್ಲಿ ಇಲ್ಲದ ಒಂದು ವಸ್ತು ತಟ್ಟನೆ ಎದುರಾಗುತ್ತದೆ. ಅದು ಬಕೆಟ್ಟಿನ ತಳದಲ್ಲಿ ಕೊರೆದ ತೂತು, ಎಂದರೆ ಕೊಳವೆಬಾವಿ.

ಕೊಳವೆಬಾವಿಯ ಖರ್ಚನ್ನು ಅಡಿಕೆಯ ತೋಟವೊಂದರಿಂದ ಅಳೆಯಬಹುದು. ತಾಂಬೂಲದ ತಟ್ಟೆಯಲ್ಲಿ ನಾಲ್ಕು ಹೋಳಾಗಿ ಕುಳಿತಿರುವ ಅಡಿಕೆ ಮಲೆನಾಡಿನ ತಂಪಿನಲ್ಲಿ ಬೆಳೆಯತಕ್ಕದ್ದೆಂದು ಹಿಂದಿನವರು ತಿಳಿದಿದ್ದರು. ಬೆಲೆ ಏರಿದ ಮೇಲೆ ಅದು ಬಯಲಿಗೂ ಇಳಿದು ಬಂದಿತು. ಎಕರೆಗೆ ಸುಮಾರು 550 ಮರ; ಹನಿ ನೀರಾವರಿಯಲ್ಲಿ, ಎಂದರೆ ಅತ್ಯಂತ ಮಿತವ್ಯಯದ ಪದ್ಧತಿಯಲ್ಲಿ ಕೂಡ, ಬೇಸಗೆಯಲ್ಲಿ ಮರಕ್ಕೆ ದಿನವೊಂದಕ್ಕೆ 16ರಿಂದ 20 ಲೀಟರ್ ಬೇಕೆಂದು ತೋಟಗಾರಿಕೆಯ ತಜ್ಞರು ಹೇಳುತ್ತಾರೆ. ಹದಿನಾರರ ಲೆಕ್ಕವನ್ನೇ ಹಿಡಿದರೆ ದಿನಕ್ಕೆ 8,800 ಲೀಟರ್, ಐದು ತಿಂಗಳಿಗೆ 13 ಲಕ್ಷ 20 ಸಾವಿರ ಲೀಟರ್. ಮೇಲೆ ನೆನಪಿನಲ್ಲಿಟ್ಟುಕೊಂಡ 1,32,000ದಿಂದ ಇದನ್ನು ಭಾಗಿಸಿದರೆ ಬರುವುದು ಹತ್ತು. ಒಂದು ಎಕರೆ ತೋಟ ಹಸುರಾಗಿರಬೇಕಾದರೆ ಹತ್ತು ಎಕರೆಯಲ್ಲಿ ಇಂಗಿದ ಮಳೆ ಒಟ್ಟುಗೂಡಬೇಕು. ಆ ಹತ್ತು ಎಕರೆಗಳಲ್ಲಿ ಒಂಬತ್ತು ಬೇರೆಯವರವು. ಅವರ ಹೊಲದ ಕೆಳಗಿನ ನೀರು ಯಾರ ಪಂಪಿನಲ್ಲಿ ಮೇಲೆ ಬಂದಿತೆಂಬುದು ಯಾವ ಪಹಣಿಯಲ್ಲಿಯೂ ಬರೆದಿರುವುದಿಲ್ಲ. ಇದು ಮಾದರಿಯ ಗಣಿತ. ಆದರೆ ಇದರೊಳಗೆ ಊರಿನ ನ್ಯಾಯವೂ ಸೇರಿಕೊಂಡಿದೆ.

ಅಂತರ್ಜಲದ ಅಧಿಕೃತ ಮೌಲ್ಯಮಾಪನಗಳಲ್ಲಿ ಜಗಳೂರು ತಾಲ್ಲೂಕು ‘ಅತಿಬಳಕೆ’ಯ ಪಟ್ಟಿಯಲ್ಲಿ ಕಾಣಿಸಿಕೊಂಡಿರುವುದು ಈ ಕಾರಣದಿಂದಲೇ. ವರ್ಷದಲ್ಲಿ ಇಂಗುವುದಕ್ಕಿಂತ ಎತ್ತುವುದು ಹೆಚ್ಚೆಂಬುದು ಆ ಮಾತಿನ ಅರ್ಥ. ಎತ್ತುವುದು ಹೆಚ್ಚಿದಂತೆ ಬಾವಿ ಆಳಕ್ಕೆ ಹೋಗುತ್ತದೆ. ಆಳದ ಬಂಡೆಯಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡು ಕರಗಿರುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡಿಸುವ, ವಯಸ್ಸಾದವರ ಕೀಲು ಬಿಗಿಯುವ ಆ ಲವಣದ ಬಾಧೆ ಜಗಳೂರಿನ ಹಳ್ಳಿಗಳಿಗೆ ಹೊಸದಲ್ಲ.

ಇಷ್ಟಾದರೂ ಒಂದು ಸಂದೇಹ ಉಳಿಯುತ್ತದೆ. ಮಳೆಯೂ ಕಡಮೆಯಾಗಿರಬಹುದಲ್ಲವೇ? ಎರಡು ಕಾರಣಗಳು ಬೆರೆತಿರುವಾಗ ಒಂದೊಂದರ ಪಾಲನ್ನು ಬೇರ್ಪಡಿಸುವುದು ಹೇಗೆ? ಮಾದರಿಯ ನಿಜವಾದ ಉಪಯೋಗ ಕಂಡುಬರುವುದು ಇಲ್ಲಿ. ಅದಕ್ಕೆ ಕರ್ನಾಟಕದಲ್ಲಿಯೇ ಒಳ್ಳೆಯ ನಿದರ್ಶನವಿದೆ. ಬೆಂಗಳೂರಿನ ವಾಚಕರಿಗೆ ಅದು ಮನೆಯ ನಲ್ಲಿಯ ಕಥೆಯೇ.

ನಂದಿಯ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ಬೆಂಗಳೂರಿಗೆ ಮೊದಲು ಹೆಸರಘಟ್ಟದಿಂದ, ಆಮೇಲೆ 1933ರಲ್ಲಿ ಸಿದ್ಧವಾದ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದ ನೀರು ಕೊಟ್ಟ ನದಿ. ಕಾಲಕ್ರಮದಲ್ಲಿ ಜಲಾಶಯಕ್ಕೆ ಬರುವ ನೀರು ಕುಗ್ಗುತ್ತ ಹೋಯಿತು. ವೀಣಾ ಶ್ರೀನಿವಾಸನ್ ಮತ್ತು ಅವರ ಸಂಗಡಿಗ ವಿಜ್ಞಾನಿಗಳು ಇದಕ್ಕೆ ಕಾರಣವನ್ನು ಹುಡುಕಿ 2015ರಲ್ಲಿ ಒಂದು ಪ್ರೌಢ ಲೇಖನವನ್ನು ಪ್ರಕಟಿಸಿದರು. ಪತ್ತೇದಾರಿ ಕಾದಂಬರಿಯಲ್ಲಿ ಸಂಶಯಿತರನ್ನು ಸಾಲಾಗಿ ನಿಲ್ಲಿಸುವಂತೆ ಅವರು ಐದು ಮಂದಿಯನ್ನು ನಿಲ್ಲಿಸಿದರು: ಕುಗ್ಗಿದ ಮಳೆ, ಏರಿದ ಬಿಸಿಲು, ಅಂತರ್ಜಲದ ಬಳಕೆ, ನೀಲಗಿರಿಯ ತೋಪುಗಳು, ಹಳ್ಳಗಳಿಗೆ ಅಡ್ಡವಾಗಿ ಎದ್ದ ಕಟ್ಟುಗಳು. ಒಬ್ಬೊಬ್ಬರ ಮೇಲಿನ ಆರೋಪವನ್ನೂ ದಾಖಲೆಗಳೊಡನೆ ತಾಳೆ ನೋಡಿದರು. ಮಳೆಯೂ ಬಿಸಿಲೂ ಮುಖ್ಯ ಅಪರಾಧಿಗಳಲ್ಲವೆಂದು ತೀರ್ಮಾನವಾಯಿತು. ನೆಲದಡಿಯ ನೀರನ್ನು ಎತ್ತಿದ್ದು, ಆಳಕ್ಕೆ ಬೇರಿಳಿಸುವ ನೀಲಗಿರಿಯನ್ನು ಹಬ್ಬಿಸಿದ್ದು, ಸ್ವಲ್ಪಮಟ್ಟಿಗೆ ಹಳ್ಳಗಳ ಓಟಕ್ಕೆ ತಡೆಯಾದದ್ದು, ಇವೇ ನದಿಯನ್ನು ಒಣಗಿಸಿದುವೆಂದು ಕಂಡುಬಂದಿತು. ಅಂತರ್ಜಲದ ಮಟ್ಟ ಹಳ್ಳದ ಪಾತ್ರಕ್ಕಿಂತ ಕೆಳಗೆ ಇಳಿದ ಮೇಲೆ ಒರತೆ ನಿಂತುಹೋಗುತ್ತದೆ. ಮೊದಲು ನೆಲ ಹಳ್ಳಕ್ಕೆ ನೀರು ಕೊಡುತ್ತಿತ್ತು. ಈಗ ಹಳ್ಳದ ನೀರನ್ನೇ ನೆಲ ಕುಡಿದುಬಿಡುತ್ತದೆ.

ಅರ್ಕಾವತಿಯ ತೀರ್ಪನ್ನು ಹಾಗೆಯೇ ಎತ್ತಿ ಸೊಕ್ಕೆಯ ಮೇಲೆ ಹೊರಿಸುವುದು ಅವಿವೇಕವಾದೀತು. ಅಲ್ಲಿನ ಮಣ್ಣು ಬೇರೆ, ಬೆಳೆ ಬೇರೆ. ಆದರೆ ವಿಚಾರಣೆಯ ಕ್ರಮ ಎಲ್ಲ ಕಡೆಗೂ ಸಲ್ಲುತ್ತದೆ: ಆಕಾಶವನ್ನು ದೂರುವ ಮುಂಚೆ ಐವರನ್ನೂ ಸಾಲಾಗಿ ನಿಲ್ಲಿಸಬೇಕು.

ಆಕಾಶ ಪೂರ್ತಿ ನಿರಪರಾಧಿಯೆಂದು ಇದರ ಅರ್ಥವೇ? ಹಾಗೂ ಅಲ್ಲ. ಕೇಂದ್ರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. 1951ರಿಂದ 2015ರ ಅವಧಿಯಲ್ಲಿ ದೇಶದ ಮುಂಗಾರು ಮಳೆ ನೂರಕ್ಕೆ ಆರರಷ್ಟು ಕುಗ್ಗಿದೆ. ಕುಗ್ಗಿದ್ದು ಎದ್ದು ಕಾಣುವುದು ಎರಡು ಕಡೆ: ಗಂಗೆಯ ಬಯಲಿನಲ್ಲಿ ಮತ್ತು ಪಶ್ಚಿಮ ಘಟ್ಟಗಳಲ್ಲಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹೊರಬಲ್ಲ ನೀರಾವಿ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ದೊಡ್ಡ ಚೀಲ ಹಿಡಿದು ಸಂತೆಗೆ ಬಂದವನ ಹಾಗೆ ಆ ಗಾಳಿ ಮಣ್ಣಿನಿಂದ ಹೆಚ್ಚು ನೀರನ್ನು ಹೀರಿಕೊಂಡು ಹೋಗುತ್ತದೆ. ಸುರಿಯುವಾಗಲೂ ಚೀಲವನ್ನು ಒಂದೇ ಸಲ ಬೋರಲು ಹಾಕುತ್ತದೆ. ಹೀಗಾಗಿ ವರ್ಷದ ಒಟ್ಟು ಮಳೆ ಅಷ್ಟೇ ಇದ್ದರೂ ಅದು ಬರುವ ರೀತಿ ಬದಲಾಗಬಹುದು: ಬಿಡುವು ಉದ್ದವಾಗಿ, ಬಂದ ಮಳೆ ಬಿರುಸಾಗಿ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳನ್ನು ನೆಚ್ಚಿಕೊಂಡ ಜಗಳೂರಿನ ರೈತನಿಗೆ ಈ ಹಂಚಿಕೆಯೇ ಮುಖ್ಯ. ಹತ್ತು ದಿನ ಜಿನುಗಿದ ಹತ್ತು ಸೆಂಟಿಮೀಟರ್ ಮಳೆ ಬೆಳೆಯನ್ನು ಉಳಿಸುತ್ತದೆ. ಎರಡು ಗಂಟೆಯಲ್ಲಿ ಸುರಿದ ಅಷ್ಟೇ ಮಳೆ ಮೇಲ್ಮಣ್ಣನ್ನು ಹೊತ್ತುಕೊಂಡು ಹೋಗಿ ಕೆರೆಯಲ್ಲಿ ಹೂಳಾಗಿ ಕೂರುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುವೆಂಬುದು ಎಲ್ಲರ ನೆನಪಿನಲ್ಲಿಯೂ ಹಸಿಯಾಗಿದೆ.

ಮುಂದಿನ ಮಳೆಯ ವಿಚಾರದಲ್ಲಿ ಮಾದರಿಗಳೆಲ್ಲ ಒಂದೇ ರಾಗ ಹಾಡುವುದಿಲ್ಲವೆಂಬುದನ್ನೂ ಹೇಳಬೇಕು. ಬಿಸಿ ಹೆಚ್ಚುವುದೆಂಬುದರಲ್ಲಿ ಅವುಗಳಿಗೆ ಭಿನ್ನಾಭಿಪ್ರಾಯವಿಲ್ಲ. ಮಳೆ ಯಾವ ತಾಲ್ಲೂಕಿಗೆ ಎಷ್ಟೆಂಬುದರಲ್ಲಿ ಭಿನ್ನತೆ ಬಹಳ. ಆದಕಾರಣ ಬಲ್ಲವರು ಒಂದೇ ಮಾದರಿಯನ್ನು ನಂಬದೆ, ಹತ್ತಾರನ್ನು ಒಟ್ಟಿಗೆ ಓಡಿಸಿ, ‘ಇಷ್ಟರಿಂದ ಇಷ್ಟರವರೆಗೆ’ ಎಂದು ಉತ್ತರ ಕೊಡುತ್ತಾರೆ. ಪಂಚಾಂಗದ ಫಲವನ್ನು ಓದಿದ ಹಾಗೆ ಅದನ್ನು ಓದಲಾಗದು.

ಹಳೆಯ ದಾಖಲೆಯನ್ನು ನೆಚ್ಚಿ ಕಟ್ಟಿದವರ ಅನುಭವವನ್ನೂ ಇಲ್ಲಿ ನೆನೆಯಬಹುದು. ಜಗಳೂರಿನ ನೀರು ಕೊನೆಗೆ ಸೇರುವ ಅದೇ ವೇದಾವತಿಗೆ, ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ, ಮೈಸೂರು ಸಂಸ್ಥಾನದವರು 1898ರಿಂದ 1907ರವರೆಗೆ ದುಡಿದು ವಾಣಿವಿಲಾಸ ಸಾಗರವನ್ನು ಕಟ್ಟಿದರು. ಮೂವತ್ತು ಟಿ.ಎಂ.ಸಿ. ಅಡಿ ನೀರು ಹಿಡಿಯಬಲ್ಲ ಆ ಜಲಾಶಯ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತು. ಮತ್ತೊಮ್ಮೆ ಕೋಡಿ ಕಾಣುವುದಕ್ಕೆ 2022ರವರೆಗೆ ಎಂಬತ್ತೊಂಬತ್ತು ವರ್ಷ ಕಾಯಬೇಕಾಯಿತು. 2022ರದ್ದು ಭಾರಿ ಮಳೆಯ ವರ್ಷ; ಜೊತೆಗೆ 2019ರಿಂದ ಭದ್ರೆಯ ನೀರೂ ಅಲ್ಲಿಗೆ ಬಂದು ಬೀಳುತ್ತಿತ್ತು. 2025ರಲ್ಲಿ ಅದು ಪುನಃ ತುಂಬಿ ಹರಿಯಿತು. ಮೂರು ತಲೆಮಾರು ಕಾಣದ ಕೋಡಿ ಮೂರು ವರ್ಷದೊಳಗೆ ಎರಡು ಸಲ! ಮೊದಲ ಶತಮಾನದ ದಾಖಲೆಯನ್ನಷ್ಟೇ ಹಿಡಿದುಕೊಂಡವನಿಗೆ ಈ ಜಲಾಶಯದ ಮುಂದಿನ ದಾರಿ ತಿಳಿಯದು. ಹೊಸ ಆಕಾಶವೂ ಹೊಸ ನಾಲೆಯೂ ಸೇರಿ ಅದರ ಜಾತಕವನ್ನೇ ತಿದ್ದಿವೆ. 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮಿಲ್ಲಿ ಮತ್ತು ಅವರ ಸಂಗಡಿಗರು ಎಚ್ಚರಿಸಿದ್ದು ಇದನ್ನೇ: ನಿನ್ನೆಯ ಏರಿಳಿತದ ಮಿತಿಯೊಳಗೇ ನಾಳೆಯ ನದಿಯೂ ಇರುತ್ತದೆಂದು ನಂಬಿ ಅಣೆಕಟ್ಟಿನ ನಕ್ಷೆ ಬರೆಯುವ ಕಾಲ ಮುಗಿಯಿತು.

ಹಾಗಾದರೆ ಮಾದರಿಯೊಳಗೆ ಆಕಾಶ, ನೆಲ, ನಾಲೆಗಳ ಜೊತೆಗೆ ಮನುಷ್ಯನೂ ಬರಬೇಕು. ಅವನು ಬರಿಯ ಪಂಪಿನ ಅಂಕಿಯಾಗಿ ಬಂದರೆ ಸಾಲದು, ಯೋಚಿಸುವವನಾಗಿ ಬರಬೇಕು. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯ ಬಳಿ ಬೇರಂಬಾಡಿಯ 84 ಚದರ ಕಿಲೋಮೀಟರ್ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿಜ್ಞಾನಿಗಳೂ ಕೂಡಿ ವರ್ಷಗಟ್ಟಲೆ ಬಾವಿಗಳ ಮಟ್ಟವನ್ನು ಅಳೆದಿದ್ದಾರೆ. ಅಲ್ಲಿ ಹುಟ್ಟಿದ ಒಂದು ಮಾದರಿಗೆ ‘ನಮಸ್ತೆ’ ಎಂದೇ ಹೆಸರು. ಅದರ ವಿವರ 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ರೈತನು ಮಳೆ ನೋಡಿ ಬಿತ್ತುತ್ತಾನೆ, ಬಾವಿ ನೋಡಿ ಬೆಳೆ ಬದಲಿಸುತ್ತಾನೆ, ಸಾಲಮಾಡಿ ಇನ್ನೊಂದು ಬಾವಿ ತೋಡಿಸಬೇಕೇ ಬೇಡವೇ ಎಂದು ನಿರ್ಧರಿಸುತ್ತಾನೆ. ಅವನ ನಿರ್ಧಾರದಿಂದ ನೀರಿನ ಮಟ್ಟ ಬದಲಾಗುತ್ತದೆ. ಬದಲಾದ ಮಟ್ಟ ಅವನ ಮುಂದಿನ ನಿರ್ಧಾರವನ್ನು ಬದಲಿಸುತ್ತದೆ. ಸಂಸಾರವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಸಂಬಳ ಹೆಚ್ಚಿದ ತಿಂಗಳಿನಲ್ಲಿಯೇ ಖರ್ಚೂ ಹೆಚ್ಚುತ್ತದೆಯಲ್ಲವೇ?

ಈ ಮಾತು ಜಗಳೂರಿಗೆ ಇಂದು ಬಹಳ ಹತ್ತಿರದ್ದು. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರನ್ನೆತ್ತಿ ಜಗಳೂರಿನ ಕೆರೆಗಳಿಗೆ ತುಂಬಿಸುವ 57 ಕೆರೆಗಳ ಯೋಜನೆ ಬಂದಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿಯೂ ಈ ತಾಲ್ಲೂಕಿಗೆ ಪಾಲುಂಟು. ಅದಕ್ಕೆ 2023ರ ಕೇಂದ್ರ ಆಯವ್ಯಯದಲ್ಲಿ 5,300 ಕೋಟಿ ರೂಪಾಯಿಯ ನೆರವು ಘೋಷಣೆಯಾಗಿತ್ತು. ವರ್ಷಗಟ್ಟಲೆ ಬಿರುಕು ಬಿಟ್ಟಿದ್ದ ಕೆರೆಯಂಗಳಕ್ಕೆ ನೀರು ಬಂದ ದಿನ ಊರಿನ ಹೆಣ್ಣುಮಕ್ಕಳು ಬಾಗಿನ ಅರ್ಪಿಸಿದರೆ ಆ ಸಂತೋಷವನ್ನು ಯಾರೂ ಹಳಿಯಲಾರರು. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಿಗೆ ಜೀವ ಬರುತ್ತದೆ. ಮೇಲ್ಪದರದ ಹೊಸ ನೀರು ಬೆರೆತಲ್ಲಿ ಫ್ಲೋರೈಡಿನ ಬಾಧೆಯೂ ಇಳಿಯಬಹುದು.

ಆದರೆ ಲೆಕ್ಕದ ಪುಸ್ತಕ ಇಲ್ಲಿಗೆ ಮುಚ್ಚುವುದಿಲ್ಲ. ಮೊದಲನೆಯದಾಗಿ, ತುಂಗಭದ್ರೆಯ ನೀರು ಎಂದರೆ ಘಟ್ಟದ ಮಳೆ. ಮುಂಗಾರು ಕುಗ್ಗಿದ್ದು ಎದ್ದು ಕಂಡ ಎರಡು ಕಡೆಗಳಲ್ಲಿ ಘಟ್ಟವೂ ಒಂದೆಂದು ಮೇಲೆಯೇ ಹೇಳಿದೆ. ಸೊಕ್ಕೆಯ ಮಳೆ ಕೈಕೊಟ್ಟ ವರ್ಷ ಘಟ್ಟದ ಮಳೆಯೂ ಕೈಕೊಟ್ಟರೆ ಸಾಲ ಕೊಡುವ ನೆಂಟನೂ ಬಡವನಾದಂತೆಯೇ ಸರಿ. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಜೂಲಿಯಾನೊ ದಿ ಬಾಲ್ದಸ್ಸಾರೆ ಮತ್ತು ಇತರ ವಿಜ್ಞಾನಿಗಳು 2018ರಲ್ಲಿ ಹಲವು ದೇಶಗಳ ಅನುಭವವನ್ನು ಮುಂದಿಟ್ಟುಕೊಂಡು ಒಂದು ವಿಚಿತ್ರವನ್ನು ಎತ್ತಿ ತೋರಿಸಿದರು. ಜಲಾಶಯ ಬಂದು ಕೊರತೆ ನೀಗಿದ ಕಡೆ, ನೀರಿದೆಯೆಂಬ ಧೈರ್ಯದಿಂದ ಬೇಡಿಕೆ ಬೆಳೆಯುತ್ತದೆ. ಕೆಲವು ವರ್ಷಗಳಲ್ಲಿ ಕೊರತೆ ಮತ್ತೆ ತಲೆದೋರುತ್ತದೆ. ಆಗ ಬರುವ ಬರ ಮೊದಲಿನದಕ್ಕಿಂತ ಹೆಚ್ಚು ನೋಯಿಸುತ್ತದೆ. ಜಗಳೂರಿನ ಭಾಷೆಯಲ್ಲಿ ಹೇಳುವುದಾದರೆ, ಕೆರೆ ತುಂಬಿದ ಮರುವರ್ಷ ಅದರ ಸುತ್ತ ಎಷ್ಟು ಎಕರೆ ಹೊಸ ಅಡಿಕೆ ಸಸಿ ನೆಟ್ಟರೆಂಬುದರ ಮೇಲೆ ಆ ಕೆರೆಯ ಹತ್ತನೆಯ ವರ್ಷ ನಿಂತಿದೆ. ಮೆಕ್ಕೆಜೋಳದವನು ಒಂದು ವರ್ಷ ಬಿತ್ತದೆ ಬಿಡಬಹುದು. ಮರ ನೆಟ್ಟವನಿಗೆ ಆ ಸ್ವಾತಂತ್ರ್ಯವಿಲ್ಲ. ಬರ ಬಂದ ವರ್ಷವೇ ಅವನು ಟ್ಯಾಂಕರಿನ ನೀರಿಗೆ ಹಣ ಸುರಿಯಬೇಕು, ಇಲ್ಲವೇ ಆರು ವರ್ಷ ಸಾಕಿದ ತೋಟ ಒಣಗುವುದನ್ನು ನೋಡುತ್ತ ಕೂರಬೇಕು. ಹಾಗೆಂದು ಅವನಿಗೆ ಉಪದೇಶ ಹೇಳುವುದೂ ಸುಲಭವಲ್ಲ: ಮೆಕ್ಕೆಜೋಳದ ಬೆಲೆಯಲ್ಲಿ ಮಗಳ ಕಾಲೇಜಿನ ಶುಲ್ಕ ಹುಟ್ಟುವುದಿಲ್ಲ, ಅಡಿಕೆಯಲ್ಲಿ ಹುಟ್ಟುತ್ತದೆ.

ಆದುದರಿಂದ ಕೆರೆಗೆ ನೀರು ಬಿಡುವ ಮುಂಚೆಯೇ ಊರೂರಿನ ಜಮಾಖರ್ಚನ್ನು ಬರೆದಿಡುವುದು ಲೇಸು. ಈ ಕೆಲಸಕ್ಕೆ ಬೇಕಾದ ಸಾಮಗ್ರಿ ಅರ್ಧದಷ್ಟು ಸಿದ್ಧವಾಗಿಯೇ ಇದೆ. 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾದ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಸೊಕ್ಕೆಯಂಥ ಊರಿನ ಜಮಾ ಪುಟವನ್ನು ಇಂದು ಬೆಂಗಳೂರಿನಲ್ಲಿ ಕುಳಿತು ಓದಬಹುದು. 2019ರ ಡಿಸೆಂಬರಿನಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆ ಕರ್ನಾಟಕದ 14 ಜಿಲ್ಲೆಗಳಲ್ಲಿ, ದಾವಣಗೆರೆಯೂ ಸೇರಿದಂತೆ, ಆಯ್ದ ಪಂಚಾಯಿತಿಗಳು ತಮ್ಮ ನೀರಿನ ಆಯವ್ಯಯವನ್ನು ತಾವೇ ಬರೆಯಬೇಕೆಂದು ವಿಧಿಸಿತು. ಉಪಗ್ರಹಗಳು ಹೊಲಗಳ ಹಸುರನ್ನು ಕಂಡು, ಎಷ್ಟು ನೀರು ಆವಿಯಾಯಿತೆಂದು ಅಂದಾಜುಮಾಡಿ ಹೇಳುತ್ತವೆ.

ಉಳಿದಿರುವುದು ಖರ್ಚಿನ ಪುಟದ ಅತಿ ದೊಡ್ಡ ಬಾಬತ್ತು. ಯಾವ ಬಾವಿಯಿಂದ ದಿನಕ್ಕೆ ಎಷ್ಟು ನೀರು ಮೇಲೆ ಬಂದಿತು? ವಿದ್ಯುತ್ತಿನ ಮೀಟರಾದರೂ ಅದನ್ನು ಪರೋಕ್ಷವಾಗಿ ಹೇಳಬಹುದಿತ್ತು. ಆದರೆ ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ರಾಜ್ಯದಲ್ಲಿ ವಿದ್ಯುತ್ತು ಉಚಿತ. ಹಣ ಕಟ್ಟಬೇಕಿಲ್ಲದವನ ಮನೆಯ ಮೀಟರನ್ನು ಓದುವ ಆತುರ ಯಾರಿಗಿದೆ? ಹೀಗಾಗಿ ವಿಜ್ಞಾನಿಗಳು ಬೆಳೆಯ ವಿಸ್ತೀರ್ಣ ನೋಡಿ, ಬಾವಿಗಳ ಸಂಖ್ಯೆ ಕೇಳಿ, ಕರೆಂಟು ಇದ್ದ ಗಂಟೆಗಳನ್ನು ಎಣಿಸಿ, ಆ ಅಂಕಣವನ್ನು ಅಂದಾಜಿನಿಂದ ತುಂಬುತ್ತಾರೆ. ಕೆಲವು ಊರುಗಳಲ್ಲಿ ಬಾವಿಯ ಬಾಯಿಗೆ ಹಗ್ಗ ಇಳಿಬಿಟ್ಟು ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಗೋಡೆಯ ಮೇಲೆ ಬರೆಯುವ ಪದ್ಧತಿ ಆರಂಭವಾಗಿದೆ. ಸುಣ್ಣದ ಗೋಡೆಯ ಮೇಲಿನ ಆ ಅಂಕಿಗಳನ್ನು ಹಾಲಿನ ಡೇರಿಗೆ ಹೋಗುವವರು ನಿಂತು ಓದುತ್ತಾರೆ. ಕಳೆದ ತಿಂಗಳಿಗಿಂತ ಎಷ್ಟು ಇಳಿಯಿತೆಂದು ಪರಸ್ಪರ ಕೇಳಿಕೊಳ್ಳುತ್ತಾರೆ.